ಎರಡು ಸಲಕ್ಕೆ ಹಂಚಿ

ಮೂರನೆಯ ಸಲ ವಾಪಸು ಬಂದ ತನ್ನ ಪಿಎಚ್‌ಡಿಯ ಅಧ್ಯಾಯವನ್ನು ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ತೆರೆದು ನೋಡಿದಳು. ಹದಿನಾಲ್ಕನೆಯ ಪುಟದ ಅಡಿಯಲ್ಲಿ ಅವಳು ಬರೆದಿದ್ದ ಒಂದು ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಲಾಗಿತ್ತು. ‘ಮೂಲ ಪ್ರಬಂಧ ಇನ್ನೂ ನೋಡಲು ಸಿಕ್ಕಿಲ್ಲ’ ಎಂಬುದು ಆ ಸಾಲು. ಪಕ್ಕದಲ್ಲಿ ಗೈಡ್ ಬರೆದಿದ್ದರು: ‘ನೋಡುವ ಅಗತ್ಯವಿಲ್ಲ. ನೆಟ್‌ನಲ್ಲಿ ಸಾರಾಂಶ ಇದೆ, ನನ್ನ ಪ್ರಬಂಧದಲ್ಲೂ ಇದೆ. ಈ ಸಾಲು ಇನ್ನು ಬರಕೂಡದು.’

ಬರಕೂಡದಂತೆ! ಅವಳ ಪಿತ್ತ ನೆತ್ತಿಗೇರಿತು. ಕಾಗದದ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಕೋಣೆಯಲ್ಲಿ ಬಾಗಿಲು ಹಾಕಿದರೆ ತನ್ನ ಉಸಿರೇ ತನಗೆ ಜೋರಾಗಿ ಕೇಳುತ್ತದೆ.

ಮಕ್ಕಳ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವುದು ಅವಳ ಕೆಲಸ. ನೆಲಮಹಡಿಯ ಕೊನೆಯ ಕೋಣೆ ಅವಳದು. ಗೋಡೆಗೆಲ್ಲ ಸ್ಪಂಜು, ಬಾಗಿಲಿಗೆ ಎರಡು ಪದರ. ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ಬೆನ್ನ ಹಿಂದೆ ನಿಂತು ಮೊದಲು ಗಿಲಕಿ ಆಡಿಸುತ್ತಾಳೆ. ತಿರುಗಿ ನೋಡದಿದ್ದರೆ ಗಂಟೆ, ಅದಕ್ಕೂ ನೋಡದಿದ್ದರೆ ಯಂತ್ರದ ಶಿಳ್ಳೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಹಾಗಾಗಿ ಜಾಡಮಾಲಿಯಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಅವಳು ಗಿಲಕಿ ಮೇಡಂ.

ಆ ದೊಡ್ಡ ಡಾಕ್ಟರೇ ಅವಳ ಗೈಡ್. ನವಜಾತ ಶಿಶು ವಿಭಾಗದ ಮುಖ್ಯಸ್ಥರು. ಒಂಬತ್ತು ವರ್ಷದ ಹಿಂದೆ ಅವರು ಒಂದು ಪ್ರಬಂಧ ಬರೆದು ಹೆಸರು ಮಾಡಿದ್ದರು. ಹುಟ್ಟಿದ ಕೂಸುಗಳಿಗೆ ರಕ್ತದಲ್ಲಿ ಸೋಂಕಾದಾಗ ಕೊಡುವ ಒಂದು ಇಂಜೆಕ್ಷನ್ನಿನ ಅಳತೆ ಎಷ್ಟಿರಬೇಕು ಎಂಬುದು ಅದರ ವಿಷಯ. ಅದೇ ಅಳತೆಯನ್ನು ಚಾರ್ಟ್ ಮಾಡಿ, ಕೆಳಗೆ ತಮ್ಮ ಸಹಿ ಹಾಕಿ, ವಾರ್ಡಿನ ಗೋಡೆಗೆ ಅಂಟಿಸಿದ್ದರು. ಅಂದಿನಿಂದ ಅಲ್ಲಿ ಆ ಚಾರ್ಟೇ ಕಾನೂನು.

ಗಿಲಕಿ ಮೇಡಂ ಪಿಎಚ್‌ಡಿಗೆ ಸೇರಿದ್ದು ಪದವಿಯ ಆಸೆಗಲ್ಲ. ಆ ವಾರ್ಡಿನಿಂದ ಬದುಕಿ ಹೊರಬಂದ ಮಕ್ಕಳಲ್ಲಿ ಕೆಲವರು ಎರಡು ಮೂರು ವರ್ಷಕ್ಕೆ ಅವಳ ಕೋಣೆಗೆ ಬರುತ್ತಿದ್ದರು; ಗಿಲಕಿಯ ಸದ್ದಿಗೆ ತಿರುಗುತ್ತಿರಲಿಲ್ಲ, ಗಂಟೆಗೂ ತಿರುಗುತ್ತಿರಲಿಲ್ಲ. ಮೊದಮೊದಲು ಅವಳು ಹಣೆಬರಹ ಅಂದುಕೊಂಡಳು. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದಳು. ನಲವತ್ತೊಂದು ಮಕ್ಕಳಾದಾಗ, ಎಲ್ಲರಿಗೂ ಆ ಇಂಜೆಕ್ಷನ್ ಹತ್ತು ದಿನಕ್ಕಿಂತ ಹೆಚ್ಚು ಹೋಗಿತ್ತು ಎನ್ನುವುದು ಕಣ್ಣಿಗೆ ಹೊಡೆಯಿತು.

ಆದರೆ ದೊಡ್ಡ ಡಾಕ್ಟರು ಆಧಾರ ಮಾಡಿಕೊಂಡಿದ್ದ ಮೂಲ ಪ್ರಯೋಗ ನಲವತ್ತಮೂರು ವರ್ಷ ಹಿಂದಿನದು. ಇನ್ನೂರ ಹನ್ನೆರಡು ಕೂಸುಗಳಿಗೆ ಅದೇ ಔಷಧ ಕೊಟ್ಟಿದ್ದರು. ಒಂದು ಮಗುವಿನ ಕಿವಿಯೂ ಹೋಗಿರಲಿಲ್ಲ ಎಂದು ಸಾರಾಂಶ ಹೇಳುತ್ತಿತ್ತು. ಅದೇ ಔಷಧ, ಅದೇ ಅಳತೆ. ಅಲ್ಲಿ ಏನೂ ಆಗಲಿಲ್ಲ, ಇಲ್ಲಿ ಯಾಕೆ?

“ನಮ್ಮ ಮಕ್ಕಳು ಸೂಕ್ಷ್ಮ ಕಣಮ್ಮ,” ಎಂದಿದ್ದರು ದೊಡ್ಡ ಡಾಕ್ಟರು. “ಹಾಗಂತ ಬರಿ. ಚೆನ್ನಾಗಿರುತ್ತೆ.”

ಅವಳಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ನೆಟ್ ಜಾಲಾಡಿದಳು. ಆ ಮೂಲವನ್ನು ಉಲ್ಲೇಖಿಸಿದ ಮೂವತ್ತೊಂದು ಪ್ರಬಂಧಗಳು ಸಿಕ್ಕವು. ಎಲ್ಲದರಲ್ಲೂ ಒಂದೇ ಮಾತು: ‘ಕಿಲೋ ತೂಕಕ್ಕೆ ಹದಿನೈದು ಮಿಲಿಗ್ರಾಂ, ದಿನಕ್ಕೆ ಎರಡು ಸಲ.’ ಮೂಲದ ಪೂರ್ತಿ ಪಾಠ ಮಾತ್ರ ಎಲ್ಲೂ ಇಲ್ಲ. ಯಾರೋ ಯಾವಾಗಲೋ ಟೈಪ್ ಮಾಡಿ ಏರಿಸಿದ ಆರು ಸಾಲಿನ ಸಾರಾಂಶ ಅಷ್ಟೇ. ಒಂದು ಮಧ್ಯಾಹ್ನ ಅಡಿಟಿಪ್ಪಣಿಗಳನ್ನು ಸಾಲಾಗಿ ಇಟ್ಟು ನೋಡುತ್ತಿದ್ದವಳಿಗೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಸಾರಾಂಶದ ತಲೆಯಲ್ಲಿ ಪುಟಸಂಖ್ಯೆ ‘218ರಿಂದ 211’ ಎಂದಿತ್ತು. ಮೂವತ್ತೊಂದು ಪ್ರಬಂಧಗಳಲ್ಲೂ ಅದೇ ಇತ್ತು. ದೊಡ್ಡ ಡಾಕ್ಟರ ಪ್ರಬಂಧದಲ್ಲೂ.

ಈಗ ಆ ಕೆಂಪು ಶಾಯಿಯ ಪುಟ ಹಿಡಿದು ಅವರ ಕೋಣೆಗೆ ನುಗ್ಗಿದಳು.

“ಸಾರ್, ಇನ್ನೂರ ಹದಿನೆಂಟರಿಂದ ಶುರುವಾಗಿ ಇನ್ನೂರ ಹನ್ನೊಂದಕ್ಕೆ ಮುಗಿಯೋ ಪ್ರಬಂಧ ಯಾವುದು ಸಾರ್? ಹಿಂದೆ ಹಿಂದಕ್ಕೆ ಓದಬೇಕಾ?”

ಅವರು ಕನ್ನಡಕದ ಮೇಲಿಂದ ನೋಡಿದರು. “ಟೈಪಿಂಗ್ ಮಿಸ್ಟೇಕ್.”

“ಮೂವತ್ತೊಂದು ಜನಕ್ಕೂ ಅದೇ ಮಿಸ್ಟೇಕಾ? ಒಬ್ಬರೂ ಪುಸ್ತಕ ತೆಗೆದು ನೋಡಿಲ್ಲ ಅಂತಾಯ್ತಲ್ಲ.”

“ನೋಡಮ್ಮ, ಈ ಕಾಲದಲ್ಲಿ ಯಾರೂ ಲೈಬ್ರರಿಗೆ ಹೋಗಿ ಧೂಳು ಕುಡಿಯಲ್ಲ. ನೆಟ್‌ನಲ್ಲಿ ಇಲ್ಲದ್ದು ಇಲ್ಲ ಅಂತ್ಲೇ ಲೆಕ್ಕ. ಮೂವತ್ತೊಂದು ಜನ ಸುಳ್ಳು ಹೇಳ್ತಾರಾ?”

“ಸುಳ್ಳು ಹೇಳಿದ್ದಾರೆ ಅನ್ನಲ್ಲ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ, ಹಾಗೆ ಮಾಡಿದ್ದಾರೆ.”

“ನೀನು ಮಾತಾಡ್ತಾ ಇರೋದು ಯಾರ ಜೊತೆ ಅಂತ ಗೊತ್ತಿದೆಯಲ್ಲ?” ಎಂದರು ಅವರು, ದನಿ ಏರಿಸದೆ. ಅವರ ಪ್ರಬಂಧವೂ ಆ ಮೂವತ್ತೊಂದರಲ್ಲಿ ಒಂದು ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಅವಳು ಹೊರಗೆ ಬಂದಳು.

ವೈದ್ಯಕೀಯ ಕಾಲೇಜಿನ ಗ್ರಂಥಾಲಯ ರಸ್ತೆಯ ಆಚೆ ಬದಿಗೆ. ಅವಳು ಅಲ್ಲಿಗೆ ಹೋಗಿ ಐದಾರು ವರ್ಷವಾಗಿತ್ತು. ಅದನ್ನು ನೆನೆದು ತನ್ನ ಮೇಲೂ ಸಿಟ್ಟು ಬಂತು. ಓದುವ ಸಭಾಂಗಣದಲ್ಲಿ ಈಗ ಕಪಾಟುಗಳಿಲ್ಲ. ಉದ್ದಕ್ಕೂ ಕಂಪ್ಯೂಟರುಗಳು, ಬಾಗಿಲ ಮೇಲೆ ‘ಡಿಜಿಟಲ್ ಜ್ಞಾನ ಕೇಂದ್ರ’ ಎಂಬ ಹೊಳೆಯುವ ಫಲಕ. ಒಳಗೆ ಆರು ಜನ ವಿದ್ಯಾರ್ಥಿಗಳು ಕಿವಿಗೆ ತಂತಿ ಸಿಕ್ಕಿಸಿಕೊಂಡು ಸಿನಿಮಾ ನೋಡುತ್ತಿದ್ದರು. ಫಲಕದ ಕೆಳಗೆ ಒಂದು ನೋಟೀಸು: ‘ಇಪ್ಪತ್ತು ವರ್ಷಕ್ಕಿಂತ ಹಳೆಯ ನಿಯತಕಾಲಿಕಗಳನ್ನು ತಿಂಗಳ ಕೊನೆಗೆ ವಿಲೇವಾರಿ ಮಾಡಲಾಗುವುದು. ಎಲ್ಲವೂ ಅಂತರ್ಜಾಲದಲ್ಲಿ ಲಭ್ಯ.’

‘ಎಲ್ಲವೂ’ ಎಂಬ ಪದವನ್ನು ಅವಳು ಎರಡು ಸಲ ಓದಿದಳು. ಉಗುರಿನಿಂದ ಕೆರೆದು ಹಾಕಬೇಕೆನ್ನಿಸಿತು.

ಗ್ರಂಥಪಾಲಕರು ಮೂಲೆಯ ಮೇಜಿನಲ್ಲಿದ್ದರು. ಸಣಕಲು ಮನುಷ್ಯ. ಯಾರಾದರೂ ಪಿಸುಗುಟ್ಟಿದರೂ ‘ಉಶ್’ ಎನ್ನುತ್ತಿದ್ದರಿಂದ ತಲೆತಲಾಂತರದ ವಿದ್ಯಾರ್ಥಿಗಳಿಗೆ ಅವರು ಉಶ್ ಸಾರ್. ಈಗ ಉಶ್ ಅನ್ನುವುದಕ್ಕೆ ಯಾರೂ ಮಾತಾಡುತ್ತಿರಲಿಲ್ಲ.

ಗಿಲಕಿ ಸಂಪುಟದ ಹೆಸರು ಹೇಳಿದಳು.

“ಅದೆಲ್ಲ ಬೇಸ್‌ಮೆಂಟಲ್ಲಿದೆ. ಕಟ್ಟು ಕಟ್ಟಿಟ್ಟಿದ್ದೀವಿ. ವಿಲೇವಾರಿಗೆ.”

“ಕೀ ಕೊಡಿ, ಹುಡುಕ್ಕೊಳ್ತೀನಿ.”

“ಹಾಗೆಲ್ಲ ಕೊಡೋಕಾಗಲ್ಲ. ವಿಭಾಗದ ಮುಖ್ಯಸ್ಥರ ಸಹಿ ತನ್ನಿ.”

“ಅವರು ಕೊಡಲ್ಲ.”

“ಹಾಗಾದ್ರೆ ನಾನೂ ಕೊಡಲ್ಲ. ನಿಯಮ ಅಂದ್ರೆ ನಿಯಮ.”

ಬೆಳಿಗ್ಗೆಯಿಂದ ಒಳಗೆ ಕುದಿಯುತ್ತಿದ್ದುದೆಲ್ಲ ಉಕ್ಕಿತು. “ಏನ್ ಸಾರ್ ನಿಮ್ಮ ನಿಯಮ! ನಾಳೆ ರದ್ದಿಗೆ ಹಾಕೋ ಪುಸ್ತಕ ಇವತ್ತು ಓದೋಕೆ ಸಹಿ ಬೇಕಾ? ನೀವು ಪುಸ್ತಕ ಕಾಯ್ತಾ ಇದ್ದೀರೋ, ಬೀಗ ಕಾಯ್ತಾ ಇದ್ದೀರೋ?”

ಆರು ತಲೆಗಳು ತಂತಿ ಸಮೇತ ತಿರುಗಿದವು. ಉಶ್ ಸಾರ್ ಮುಖ ಕೆಂಪಾಯಿತು. ಎದ್ದು ನಿಂತರು. ಬೈಯುತ್ತಾರೆ ಅಂದುಕೊಂಡಳು. ಅವರು ಡ್ರಾಯರ್ ಎಳೆದು ತುಕ್ಕು ಹಿಡಿದ ಬೀಗದ ಕೈ ತೆಗೆದರು.

“ಮೂರು ವರ್ಷ ಆಯ್ತು,” ಎಂದರು, ಹಲ್ಲು ಕಡಿಯುತ್ತ. “ಮೂರು ವರ್ಷದಿಂದ ಒಬ್ಬನೂ, ಒಬ್ಬಳೂ ಈ ಕೀ ಕೇಳಿಲ್ಲ. ಕಪಾಟು ಕಿತ್ತಾಗ ಒಬ್ಬರೂ ಯಾಕೆ ಅನ್ನಲಿಲ್ಲ. ನೀವೂ ಅನ್ನಲಿಲ್ಲ. ಈಗ ಬಂದು ನನಗೆ ಹೇಳ್ತೀರಾ ಬೀಗ ಕಾಯ್ತೀಯಾ ಅಂತ? ಬನ್ನಿ, ತೋರಿಸ್ತೀನಿ.”

ಬೇಸ್‌ಮೆಂಟಿನಲ್ಲಿ ನೆಲದಿಂದ ಸೊಂಟದೆತ್ತರಕ್ಕೆ ಕಟ್ಟುಗಳು. ಹಗ್ಗದಲ್ಲಿ ಬಿಗಿದವರಿಗೆ ಕ್ರಮದ ಹಂಗಿರಲಿಲ್ಲ. ಮೂಳೆಯ ಪಕ್ಕದಲ್ಲಿ ಕಣ್ಣು, ಕಣ್ಣಿನ ಮೇಲೆ ಹೆರಿಗೆ. ಸೂಚಿ ಕಾರ್ಡುಗಳು ಎಲ್ಲಿ ಎಂದು ಕೇಳಿದಳು. ಉಶ್ ಸಾರ್ ನೆಲ ನೋಡಿದರು. ಕಂಪ್ಯೂಟರ್ ಬಂದಾಗ ಅವನ್ನು ಎಸೆಯಿರಿ ಎಂಬ ಆದೇಶ ಬಂದಿತ್ತು, ಅವರೇ ಎಸೆದಿದ್ದರು. “ಸಹಿ ಇತ್ತು,” ಎಂದರು, ಅಷ್ಟೇ.

ಇಬ್ಬರೂ ಒಂದೊಂದೇ ಹಗ್ಗ ಬಿಚ್ಚುತ್ತ ಹೋದರು. ಮೊದಲ ದಿನ ಏನೂ ಸಿಗಲಿಲ್ಲ. ಎರಡನೆಯ ದಿನ ಕೆಲಸ ಮುಗಿಸಿ ಮತ್ತೆ ಬಂದಳು. ಧೂಳಿಗೆ ಅವಳು ಸಾಲಾಗಿ ಏಳು ಸಲ ಸೀನಿದಾಗ ಉಶ್ ಸಾರ್ ಅಭ್ಯಾಸಬಲದಿಂದ “ಉಶ್!” ಎಂದುಬಿಟ್ಟರು. ಇಬ್ಬರಿಗೂ ನಗು ಬಂತು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ರಾತ್ರಿ ಎಂಟರ ಹೊತ್ತಿಗೆ ಉಶ್ ಸಾರ್ ಒಂದು ಕಂದು ರಟ್ಟಿನ ಸಂಪುಟವನ್ನು ಅಂಗಿಯ ತುದಿಯಿಂದ ಒರೆಸಿ ಚಾಚಿದರು. ಅದೇ. ಪುಟ 211ರಿಂದ 218. ಪುಟಗಳು ಮುಂದಕ್ಕೇ ಓಡುತ್ತಿದ್ದವು.

ಅವಳು ಕಟ್ಟುಗಳ ಮೇಲೆ ಕೂತು ಓದಿದಳು. 214ನೆಯ ಪುಟದಲ್ಲಿ ಒಂದು ಕೋಷ್ಟಕ, ಅದರ ಕೆಳಗೆ ಒಂದು ವಾಕ್ಯ. ‘ದಿನದ ಒಟ್ಟು ಪ್ರಮಾಣ: ಕಿಲೋ ತೂಕಕ್ಕೆ ಹದಿನೈದು ಮಿಲಿಗ್ರಾಂ, ಎರಡು ಸಲಕ್ಕೆ ಹಂಚಿ.’

ಅವಳು ಬೆರಳಿಟ್ಟು ಮತ್ತೆ ಓದಿದಳು. ದಿನಕ್ಕೆ ಒಟ್ಟು ಹದಿನೈದು. ಬೆಳಿಗ್ಗೆ ಏಳೂವರೆ ಮಿಲಿಗ್ರಾಂ, ಸಂಜೆ ಏಳೂವರೆ ಮಿಲಿಗ್ರಾಂ. ಸಾರಾಂಶ ಟೈಪ್ ಮಾಡಿದವನು ಯಾರೋ ‘ಒಟ್ಟು’ ಎಂಬುದನ್ನೂ ‘ಹಂಚಿ’ ಎಂಬುದನ್ನೂ ನುಂಗಿಬಿಟ್ಟಿದ್ದ. ವಾರ್ಡಿನಲ್ಲಿ ಬೆಳಿಗ್ಗೆ ಹದಿನೈದು, ಸಂಜೆ ಹದಿನೈದು ಹೋಗುತ್ತಿತ್ತು. ಎರಡು ಪಟ್ಟು. ಒಂಬತ್ತು ವರ್ಷದಿಂದ.

“ಏನಾಯ್ತು?” ಎಂದರು ಉಶ್ ಸಾರ್.

ಅವಳು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಅವರು ಅದರ ಮುಂದಿನ ವರ್ಷದ ಸಂಪುಟವನ್ನೂ ಹುಡುಕಿ ತೆಗೆದರು. ಇಂಥ ಪತ್ರಿಕೆಗಳಲ್ಲಿ ತಿದ್ದುಪಡಿಗಳು ಆಮೇಲೆ ಬರುತ್ತವೆ ಎಂದು ಅವರಿಗೆ ಗೊತ್ತಿತ್ತು. ಕೊನೆಯ ಪುಟಗಳಲ್ಲಿ ಮೂಲ ಲೇಖಕನದೇ ಒಂದು ಪತ್ರ. ‘ಕೆಲವರು ನನ್ನ ಅಳತೆಯನ್ನು ಪ್ರತಿ ಸಲದ ಅಳತೆ ಎಂದು ತಪ್ಪಾಗಿ ತಿಳಿದಿರುವುದು ಗಮನಕ್ಕೆ ಬಂದಿದೆ. ಅದು ಇಡೀ ದಿನದ ಅಳತೆ. ಇಮ್ಮಡಿ ಕೊಟ್ಟರೆ ಶಿಶುಗಳ ಶ್ರವಣಕ್ಕೆ ಶಾಶ್ವತ ಹಾನಿಯಾಗುವ ಭಯವಿದೆ. ದಯವಿಟ್ಟು ಎಚ್ಚರ ವಹಿಸಿ.’

ದಯವಿಟ್ಟು! ನಲವತ್ತೆರಡು ವರ್ಷದ ಹಿಂದೆ ಒಬ್ಬ ಮನುಷ್ಯ ಕೈ ಮುಗಿದು ಬೇಡಿಕೊಂಡಿದ್ದಾನೆ. ಆ ಬೇಡಿಕೆ ಈ ಕಟ್ಟಡದಲ್ಲೇ, ಅವಳ ಕೋಣೆಯಿಂದ ಇನ್ನೂರು ಹೆಜ್ಜೆ ದೂರದಲ್ಲೇ ಇತ್ತು. ಅವಳು ಸಂಪುಟವನ್ನು ಎದೆಗೆ ಒತ್ತಿಕೊಂಡಳು, ಆಮೇಲೆ ಪಕ್ಕದ ಕಟ್ಟಿಗೆ ಕಾಲಿಂದ ಒದ್ದಳು. ಮತ್ತೆ ಒದ್ದಳು. ಉಶ್ ಸಾರ್ ತಡೆಯಲಿಲ್ಲ.

ಅವಳು ಪುಟಗಳ ಫೋಟೋ ತೆಗೆದುಕೊಂಡಳು. ಉಶ್ ಸಾರ್ ಮೇಲೆ ಹೋಗಿ ಹಳೆಯ ಎರವಲು ಪುಸ್ತಕ ತೆರೆದು ಎರಡೂ ಸಂಪುಟಗಳನ್ನು ಅವಳ ಹೆಸರಿಗೆ ಬರೆದರು. “ಎರವಲು ಹೋಗಿರೋ ಪುಸ್ತಕ ವಿಲೇವಾರಿ ಮಾಡೋ ಹಾಗಿಲ್ಲ. ಅದೂ ನಿಯಮಾನೇ,” ಎಂದು ಮುದ್ರೆ ಒತ್ತಿದರು. “ವಾಪಸ್ ತರಬೇಡಿ.”

ನೇರ ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಕೈಯೆಲ್ಲ ಧೂಳು, ಸೀರೆಯ ಅಂಚಿಗೆ ಜೇಡರ ಬಲೆ. ಸಂಪುಟ ತೆರೆದು ಅವರ ಮುಂದೆ ಇಟ್ಟಳು. ಅವರು ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಕ್ಷಣದಲ್ಲಿ ಅವರು ‘ಅಯ್ಯೋ’ ಎಂದಿದ್ದರೆ ಅವಳು ಕ್ಷಮಿಸಿಬಿಡುತ್ತಿದ್ದಳೇನೋ.

“ಹಳೇ ಪ್ರಿಂಟು,” ಎಂದರು. “ಇದರಲ್ಲೂ ತಪ್ಪಿರಬಹುದು.”

“ಎರಡನೇ ಪುಸ್ತಕದಲ್ಲಿ ಅವರೇ ಪತ್ರ ಬರೆದಿದ್ದಾರೆ ಸಾರ್.”

“ಸರಿ. ಸಮಿತಿ ಮುಂದೆ ಇಡೋಣ. ಮುಂದಿನ ತಿಂಗಳು ಸಭೆ ಇದೆ.”

“ಮುಂದಿನ ತಿಂಗಳಾ? ವಾರ್ಡಲ್ಲಿ ಈಗ ಏಳು ಕೂಸುಗಳಿವೆ! ಸಂಜೆಯದು ಆಗಲೇ ಹೋಗಿಯಾಯ್ತು, ನಾಳೆ ಬೆಳಿಗ್ಗೆ ಎಂಟಕ್ಕೆ ಮತ್ತೆ ಇಂಜೆಕ್ಷನ್ ಕೊಡ್ತಾರೆ!”

“ಕೂಗಬೇಡ. ನೀನು ಕಿವಿ ಟೆಸ್ಟ್ ಮಾಡೋಳು. ಅಳತೆ ಡಾಕ್ಟರ ವಿಷಯ.” ಅವರು ಸಂಪುಟ ಮುಚ್ಚಿ ಅವಳ ಕಡೆ ತಳ್ಳಿದರು. ದನಿ ಮೆತ್ತಗಾಯಿತು. “ಇದನ್ನ ದೊಡ್ಡದು ಮಾಡಿದ್ರೆ ಏನಾಗುತ್ತೆ ಗೊತ್ತಾ? ಆಸ್ಪತ್ರೆ ಹೆಸರು ಹೋಗುತ್ತೆ. ಜನ ಕೂಸುಗಳನ್ನ ಕರ್ಕೊಂಡು ಬರೋದು ನಿಲ್ಲಿಸ್ತಾರೆ. ಸೋಂಕಲ್ಲಿ ಸಾಯ್ತಾವೆ. ಅದು ನಿನಗೆ ಬೇಕಾ? ಆ ಅಧ್ಯಾಯ ಬಿಟ್ಬಿಡು. ಆರು ತಿಂಗಳಲ್ಲಿ ನಿನಗೆ ಪದವಿ ಕೊಡಿಸೋ ಜವಾಬ್ದಾರಿ ನಂದು.”

“ನೀವು ಇದನ್ನ ಓದಿರಲಿಲ್ಲ,” ಎಂದಳು ಅವಳು. “ಬರೀ ಆರು ಸಾಲು ಓದಿ ಗೋಡೆಗೆ ಅಂಟಿಸಿದ್ರಿ.”

“ಎಲ್ಲರೂ ಹಾಗೇ ಮಾಡೋದು.”

ಅವರು ನಿಜಕ್ಕೂ ಹಾಗೆ ನಂಬಿದ್ದರು ಎನ್ನುವುದೇ ಅವಳನ್ನು ಕೆರಳಿಸಿದ್ದು. ಸಂಪುಟಗಳನ್ನು ಎತ್ತಿಕೊಂಡು ಹೊರಟಳು.

ಇನ್ನೊಂದು ಬಾಗಿಲು ಉಳಿದಿತ್ತು, ಅದನ್ನು ತಟ್ಟುವುದಕ್ಕೆ ಅವಳಿಗೆ ಹೆದರಿಕೆ. ಆ ವಾರ್ಡಿನ ಹಿರಿಯ ನರ್ಸ್ ಅವಳ ಸ್ವಂತ ಅಕ್ಕ. ಅಮ್ಮ ತೀರಿಕೊಂಡಾಗ ಗಿಲಕಿಗೆ ಎಂಟು ವರ್ಷ, ಅಕ್ಕನಿಗೆ ಹದಿನೆಂಟು. ತಲೆ ಬಾಚಿ ಜಡೆ ಹಾಕಿ ಶಾಲೆಗೆ ಕಳಿಸಿ, ಆಮೇಲೆ ತನ್ನ ತರಬೇತಿಗೆ ಓಡುತ್ತಿದ್ದವಳು. ಆ ವಾರ್ಡಿನಲ್ಲಿ ಕೂಸುಗಳ ದಾರದಂಥ ನರ ಹುಡುಕಿ ಸೂಜಿ ಚುಚ್ಚಲು ಅವಳಷ್ಟು ನಿಪುಣರು ಬೇರೊಬ್ಬರಿಲ್ಲ. ಕಷ್ಟದ ಇಂಜೆಕ್ಷನ್ನುಗಳೆಲ್ಲ ಅವಳ ಕೈಯಿಂದಲೇ ಹೋಗುತ್ತಿದ್ದವು.

ಪಾಳಿ ಮುಗಿದು ಬಟ್ಟೆ ಬದಲಿಸುವ ಕೋಣೆಯಲ್ಲಿ ಅಕ್ಕ ಬಿಳಿ ಚಪ್ಪಲಿ ಕಳಚುತ್ತಿದ್ದಳು. ಗಿಲಕಿ ನಿಂತೇ ಎಲ್ಲ ಹೇಳಿದಳು, ಎರಡೂ ಸಂಪುಟಗಳ ಪುಟ ತೋರಿಸಿದಳು.

ಅಕ್ಕ ಓದಿದಳು. ಕಿವಿಯ ತನಕ ಕೆಂಪಾದಳು.

“ಯಾವತ್ತಿಂದ ಗೊತ್ತು ನಿನಗೆ?”

“ಇವತ್ತು ಸಂಜೆ.”

“ಸುಳ್ಳು. ಎರಡು ವರ್ಷದಿಂದ ನನ್ನ ವಾರ್ಡಿನ ರಿಜಿಸ್ಟರ್ ಕೆದಕ್ತಾ ಇದ್ದೀಯ. ಓದ್ತಿದ್ದಾಳೆ, ಓದಲಿ ಅಂತ ನಾನೇ ತೆಗೆದು ಕೊಟ್ಟೆ. ನನ್ನ ಮೇಲೇ ಕೇಸು ಕಟ್ತಾ ಇದ್ದೆಯಾ?”

“ಅಕ್ಕಾ, ನಿನ್ನ ಮೇಲೆ ಅಲ್ಲ...”

“ಇನ್ಯಾರ ಮೇಲೆ? ಚುಚ್ಚಿದ್ದು ಯಾರು, ಗೋಡೆ ಮೇಲಿನ ಚಾರ್ಟಾ? ಈ ಕೈ!” ಅಕ್ಕ ಬಲಗೈ ಎತ್ತಿ ಅವಳ ಮುಖದ ಮುಂದೆ ಹಿಡಿದಳು. “ಅತ್ತರೆ ಎತ್ತಿ ಸಮಾಧಾನ ಮಾಡಿ ಚುಚ್ಚಿದ್ದೀನಿ. ಬೆಳಿಗ್ಗೆ ಒಂದು, ಸಂಜೆ ಒಂದು. ಅವಷ್ಟನ್ನೂ ಬದುಕಿಸಿ ಕಳಿಸಿದೆ ಅಂದ್ಕೊಂಡಿದ್ದೆ. ನೀನು ನೆಲಮಾಳಿಗೆಯಿಂದ ಧೂಳು ಹೊಡ್ಕೊಂಡು ಬಂದು ಕಿವುಡು ಮಾಡಿದೆ ಅಂತೀಯ. ಹೋಗು. ಮುಖ ತೋರಿಸಬೇಡ ನನಗೆ.”

ಚಪ್ಪಲಿಗಳನ್ನು ಕಪಾಟಿಗೆ ಎಸೆದು ಬಾಗಿಲು ಬಡಿದು ಹೋದಳು. ಸಂಪುಟಗಳು ಬೆಂಚಿನ ಮೇಲೆ ತೆರೆದೇ ಬಿದ್ದಿದ್ದವು; ಗಿಲಕಿ ಅವನ್ನು ಅಲ್ಲೇ ಬಿಟ್ಟು ಹೋದಳು.

ಮರುದಿನ ಬೆಳಿಗ್ಗೆ ಏಳೂಮುಕ್ಕಾಲಿಗೆ ಗಿಲಕಿ ವಾರ್ಡಿನ ಗಾಜಿನ ಬಾಗಿಲ ಹೊರಗೆ ನಿಂತಿದ್ದಳು. ಅಕ್ಕ ಬರುತ್ತಾಳೋ ರಜೆ ಹಾಕುತ್ತಾಳೋ ತಿಳಿಯದು. ಬಂದಳು. ತಂಗಿಯ ಕಡೆ ನೋಡದೆ ಒಳಗೆ ಹೋದಳು. ಕೈ ತೊಳೆದಳು. ಔಷಧದ ಟ್ರೇ ಬಂತು, ಏಳು ಸಿರಿಂಜುಗಳು ಸಾಲಾಗಿ. ಅಕ್ಕ ಟ್ರೇಯನ್ನು ಹಾಗೇ ಬದಿಗೆ ಸರಿಸಿ ಪಾಳಿಯ ಡಾಕ್ಟರನ್ನು ಕರೆದಳು. ಓದು ಮುಗಿಸಿ ವರ್ಷವೂ ಆಗಿರದ ಹುಡುಗಿ ಆಕೆ.

“ಡಾಕ್ಟರಮ್ಮ, ಇದು ದಿನಕ್ಕೆ ಹದಿನೈದಾ, ಸಲಕ್ಕೆ ಹದಿನೈದಾ?”

“ಸಲಕ್ಕೆ. ಚಾರ್ಟಲ್ಲಿದೆಯಲ್ಲ ಸಿಸ್ಟರ್.”

“ಹಾಗಂತ ಪ್ರತಿ ಮಗುವಿನ ಹಾಳೆ ಮೇಲೂ ನಿಮ್ಮ ಕೈಯಿಂದ ಬರೆದು ಸಹಿ ಹಾಕಿ. ಅದಕ್ಕೆ ಮುಂಚೆ ಇದನ್ನ ಓದಿ.” ಅಕ್ಕ ಜೇಬಿನಿಂದ ಎರಡು ಜೆರಾಕ್ಸ್ ಹಾಳೆ ತೆಗೆದು ಚಾಚಿದಳು. ರಾತ್ರಿ ಅವಳು ಮತ್ತೆ ಬಟ್ಟೆ ಬದಲಿಸುವ ಕೋಣೆಗೆ ಬಂದು ಸಂಪುಟಗಳನ್ನು ಒಯ್ದಿದ್ದು ಗಿಲಕಿಗೆ ಆಗ ಗೊತ್ತಾಯಿತು. “ಓದಿದ ಮೇಲೂ ಕೊಡು ಅಂದ್ರೆ ನೀವೇ ಕೊಡಿ. ನನ್ನ ಕೈ ಮುಟ್ಟಲ್ಲ.”

ಹುಡುಗಿ ಓದಿದಳು. ಮುಖದ ಬಣ್ಣ ಇಳಿಯಿತು. ಪೆನ್ನು ತೆಗೆದಳು, ಮತ್ತೆ ಜೇಬಿಗೆ ಹಾಕಿಕೊಂಡಳು. ಔಷಧಶಾಲೆಯ ಮುಖ್ಯಸ್ಥರಿಗೆ ಫೋನ್ ಹೋಯಿತು. ಅವರು ಮೂರು ಮಹಡಿ ಓಡಿ ಬಂದು ಓದಿ, ಸಿರಿಂಜುಗಳನ್ನು ವಾಪಸು ಕೊಂಡುಹೋಗಿ ಅರ್ಧ ಅಳತೆಯಲ್ಲಿ ತುಂಬಿ ಕಳಿಸಿದರು. ಎಂಟೂಕಾಲಿಗೆ ಅಕ್ಕ ಇಂಜೆಕ್ಷನ್ ಕೊಡಲು ಶುರುಮಾಡಿದಳು. ನಾಲ್ಕನೆಯ ತೊಟ್ಟಿಲಿನ ಬಳಿ ಅವಳು ಸಿರಿಂಜನ್ನು ಬೆಳಕಿಗೆ ಹಿಡಿದು ಅಳತೆಯನ್ನು ಮತ್ತೊಮ್ಮೆ ನೋಡಿಕೊಂಡದ್ದನ್ನು ಗಿಲಕಿ ಗಾಜಿನಾಚೆಯಿಂದ ನೋಡಿದಳು.

ಆ ಬೆಳಿಗ್ಗೆಯ ಸುದ್ದಿ ಮಧ್ಯಾಹ್ನದೊಳಗೆ ಇಡೀ ಆಸ್ಪತ್ರೆಗೆ ಹಬ್ಬಿತು. ದೊಡ್ಡ ಡಾಕ್ಟರು ಕಿರುಚಾಡಿದರಂತೆ, ಅಕ್ಕನಿಗೆ ಕಾರಣ ಕೇಳಿ ನೋಟೀಸು ಕೊಟ್ಟರು. ಅಕ್ಕ ಉತ್ತರದಲ್ಲಿ ಆ ಎರಡು ಹಾಳೆಗಳನ್ನು ಮಾತ್ರ ಲಗತ್ತಿಸಿದಳು. ಹತ್ತು ದಿನಕ್ಕೆ ಆಡಳಿತದಿಂದ ಮೂರು ಸಾಲಿನ ಸುತ್ತೋಲೆ ಬಂತು: ಇಂಥ ಔಷಧದ ಅಳತೆಯನ್ನು ‘ಪರಿಷ್ಕರಿಸಲಾಗಿದೆ’. ಯಾಕೆ ಎಂದಿರಲಿಲ್ಲ. ಯಾರ ತಪ್ಪು ಎಂದಿರಲಿಲ್ಲ. ಗೋಡೆಯ ಚಾರ್ಟ್ ಕಿತ್ತರು. ಅಂಟು ಮಾತ್ರ ನಾಲ್ಕು ಮೂಲೆಗೆ ಉಳಿಯಿತು.

ಗಿಲಕಿ ಪುಟಗಳ ಫೋಟೋಗಳನ್ನು ನೆಟ್‌ಗೆ ಏರಿಸಿದಳು. ಸಂಶೋಧಕರು ಸೇರುವ ಜಾಲತಾಣಗಳಲ್ಲಿ, ಆ ಸಾರಾಂಶ ಇದ್ದ ಕಡೆಯೆಲ್ಲ ಹಾಕಿದಳು; ಉಳಿದ ಮೂವತ್ತು ಮಂದಿ ಲೇಖಕರಿಗೆ ಒಬ್ಬೊಬ್ಬರಿಗೂ ಪತ್ರ ಬರೆದಳು. ಹನ್ನೊಂದು ಜನ ಉತ್ತರಿಸಿದರು. ಒಬ್ಬರು ಬೈದರು. ದೂರದ ಆಸ್ಪತ್ರೆಯ ಒಬ್ಬ ಡಾಕ್ಟರು ಬರೆದರು: ‘ನಾವೂ ಹಾಗೇ ಕೊಡುತ್ತಿದ್ದೆವು. ಇವತ್ತು ನಿಲ್ಲಿಸಿದೆವು. ಇದು ನಿಮಗೆ ಎಲ್ಲಿ ಸಿಕ್ಕಿತು? ನಮ್ಮಲ್ಲಿ ಆ ಸಂಪುಟಗಳನ್ನು ಎಸೆದು ಎಷ್ಟೋ ವರ್ಷವಾಯಿತು.’ ಆ ಪತ್ರ ಓದಿ ಅವಳಿಗೆ ಸಮಾಧಾನವಾಗಲಿಲ್ಲ. ಎಸೆಯದೆ ಉಳಿದದ್ದಕ್ಕೆ ಇಲ್ಲಿ ಯಾರ ಜಾಣತನವೂ ಕಾರಣವಾಗಿರಲಿಲ್ಲ. ವಿಲೇವಾರಿ ತಡವಾಗಿತ್ತು, ಅಷ್ಟೇ.

ಬೇಸ್‌ಮೆಂಟಿನ ಉಳಿದ ಕಟ್ಟುಗಳು ತಿಂಗಳ ಕೊನೆಗೆ ಲಾರಿ ಹತ್ತಿದವು. ಅವಳು ಪ್ರಾಂಶುಪಾಲರಿಗೆ ಮನವಿ ಕೊಟ್ಟಿದ್ದಳು, ಉಶ್ ಸಾರ್ ಸಹಿ ಹಾಕಿದ್ದರು, ಬೇರೆ ಹದಿನೇಳು ಜನರೂ ಹಾಕಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಲಾರಿ ಹೊರಟಾಗ ಉಶ್ ಸಾರ್ ಅಡ್ಡ ನಿಂತು, ಕೈಗೆ ಸಿಕ್ಕ ನಾಲ್ಕು ಕಟ್ಟುಗಳನ್ನು ಎಳೆದು ಕೆಳಗೆ ಹಾಕಿಕೊಂಡರಂತೆ. ಅದರಲ್ಲಿ ಏನಿದೆ ಎಂದು ಅವರಿಗೂ ಗೊತ್ತಿರಲಿಲ್ಲ.

ದೊಡ್ಡ ಡಾಕ್ಟರು ಗೈಡ್ ಆಗಿ ಮುಂದುವರಿಯಲು ‘ಸಮಯಾಭಾವ’ ಎಂದು ಬರೆದುಕೊಟ್ಟರು. ಹೊಸ ಗೈಡ್ ಸಿಕ್ಕಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ದೊಡ್ಡ ಡಾಕ್ಟರೇ ಒಂದು ಹೊಸ ಪ್ರಬಂಧ ಪ್ರಕಟಿಸಿದರು. ಆ ಇಂಜೆಕ್ಷನ್ನಿನ ಅಳತೆಯನ್ನು ತಗ್ಗಿಸಬೇಕೆಂದು ಅದರ ವಾದ. ಅಡಿಟಿಪ್ಪಣಿಯಲ್ಲಿ ಮೂಲದ ಪುಟಸಂಖ್ಯೆ ಈ ಸಲ ಸರಿಯಾಗಿತ್ತು. ಅವಳ ಹೆಸರು ಎಲ್ಲೂ ಇರಲಿಲ್ಲ. ಅದನ್ನು ಓದಿದ ದಿನ ಅವಳು ಅಕ್ಕನ ಮನೆಗೆ ಹೋಗಿ, ಚಹಾ ಕುಡಿಯದೆ, ಒಂದು ಗಂಟೆ ಬೈದಳು. ಅಕ್ಕ ತರಕಾರಿ ಹೆಚ್ಚುತ್ತ ಕೇಳಿದಳು.

“ಆಯ್ತಾ ಬೈದಿದ್ದು?”

“ಆಗಿಲ್ಲ.”

“ಅವರು ಇನ್ನೊಂದು ಪ್ರಬಂಧ ಬರ್ಕೊಳ್ಳಲಿ. ಆ ನಲವತ್ತೊಂದು ಮಕ್ಕಳ ಮನೆಯವರಿಗೆ ಯಾರು ಹೇಳ್ತಾರೆ?”

ಆಸ್ಪತ್ರೆ ಹೇಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹೇಳಕೂಡದು ಎಂದು ಗಿಲಕಿಗೆ ಬಾಯಿಮಾತಿನ ಎಚ್ಚರಿಕೆಯೂ ಬಂದಿತ್ತು.

“ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ ಅಕ್ಕಾ.”

“ಎರಡು ವರ್ಷ ಇದೆ ನಿವೃತ್ತಿಗೆ. ಹೋದ್ರೆ ಹೋಗ್ಲಿ. ಆ ಮನೆಗಳಲ್ಲಿ ತಾಯಂದಿರು ಏನಂದ್ಕೊಂಡಿದ್ದಾರೆ ಗೊತ್ತಾ? ತಾವು ಬಸುರಿದ್ದಾಗ ಏನೋ ತಿಂದ್ವಿ, ಎಲ್ಲೋ ಬಿದ್ವಿ, ಅದಕ್ಕೇ ಹೀಗಾಯ್ತು ಅಂತ. ನನ್ನ ಹತ್ತಿರವೇ ಬಂದು ಅಳ್ತಾರೆ. ಇನ್ನು ನನ್ನ ಕೈಲಾಗಲ್ಲ ಪುಟ್ಟೀ.”

ಮುಂದಿನ ರಜಾದಿನ ಇಬ್ಬರೂ ಪಟ್ಟಿಯ ಮೊದಲ ಮನೆಗೆ ಹೋದರು. ಎರಡನೆಯ ಮಹಡಿ, ಬಾಗಿಲಲ್ಲಿ ಒಣಗಲು ಹಾಕಿದ ಸಮವಸ್ತ್ರ. ಮನೆಯಾಕೆ ಬಸ್ಸಿನ ಕಂಡಕ್ಟರ್. ಅಕ್ಕನನ್ನು ಗುರುತಿಸಿ, “ಅಯ್ಯೋ ಸಿಸ್ಟರ್, ನಮ್ಮ ಮಗೂನ ಬದುಕಿಸಿದೋರು, ಬನ್ನಿ ಬನ್ನಿ,” ಎಂದು ಕುರ್ಚಿ ಎಳೆದಳು. ಎಂಟು ವರ್ಷದ ಹುಡುಗಿ ನೆಲದ ಮೇಲೆ ಕೂತು, ಅವರು ಬಂದದ್ದು ಕೇಳದೆ, ಚಿತ್ರಕ್ಕೆ ಬಣ್ಣ ತುಂಬುತ್ತಿತ್ತು.

ಅಕ್ಕ ಕೂರಲಿಲ್ಲ. ನಿಂತೇ ಹೇಳಿದಳು. ಚಾರ್ಟಿನಲ್ಲಿ ತಪ್ಪಿತ್ತು, ಇಮ್ಮಡಿ ಹೋಯಿತು, ಕೊಟ್ಟದ್ದು ನಾನೇ. ಸುತ್ತು ಬಳಸಿಲ್ಲದೆ ಹೇಳಿದಳು.

ಕಂಡಕ್ಟರ್ ಮೊದಲು ಅರ್ಥವಾಗದೆ ನಕ್ಕಳು. ಆಮೇಲೆ ನಗು ಹಾಗೇ ನಿಂತಿತು. ಹತ್ತಿರ ಬಂದು ಅಕ್ಕನ ಎದೆಗೆ ಎರಡೂ ಕೈಯಿಂದ ತಳ್ಳಿದಳು. “ಆರು ವರ್ಷ! ಆರು ವರ್ಷದಿಂದ ನಮ್ಮತ್ತೆ ನನ್ನನ್ನ ಬೈತಾ ಇದ್ದಾರೆ! ಬಸುರಿಯಾಗಿದ್ದಾಗ ಕೆಲಸಕ್ಕೆ ಹೋದೆ, ಬಸ್ಸಲ್ಲಿ ಕುಲುಕಾಡಿದೆ, ಅದಕ್ಕೇ ಮಗು ಹೀಗಾಯ್ತು ಅಂತ! ನಾನೂ ಹಾಗೇ ಅಂದ್ಕೊಂಡಿದ್ದೆ!” ಮತ್ತೆ ತಳ್ಳಿದಳು. ಅಕ್ಕ ಗೋಡೆಗೆ ತಾಗಿ ನಿಂತಳು, ಕೈ ಅಡ್ಡ ಹಿಡಿಯಲಿಲ್ಲ. ಗಿಲಕಿ ನಡುವೆ ಬರಲು ಹೋದರೆ ಅಕ್ಕ ಬೇಡ ಎಂದು ತಲೆಯಾಡಿಸಿದಳು.

ಹುಡುಗಿ ಈಗ ತಲೆಯೆತ್ತಿ ನೋಡುತ್ತಿತ್ತು. ಕಂಡಕ್ಟರ್ ನಿಂತಳು. ಏದುಸಿರು ಬಿಡುತ್ತ ಸೆರಗಿನಿಂದ ಮುಖ ಒರೆಸಿಕೊಂಡಳು.

“ಎಲ್ಲಿದೆ ಅದು? ಬರೆದಿದೆ ಅಂದ್ರಲ್ಲ, ಎಲ್ಲಿ?”

ಗಿಲಕಿ ಚೀಲದಿಂದ ಹಾಳೆ ತೆಗೆದು ಕೊಟ್ಟಳು. ಕಂಡಕ್ಟರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅವಳಿಗೆ ಆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

“ನಮ್ಮತ್ತೆ ಒಳಗಿದ್ದಾರೆ,” ಎಂದಳು. “ಕರೀತೀನಿ. ಅವರ ಮುಂದೆ ಓದಿ ಹೇಳಿ. ನಮಗರ್ಥವಾಗೋ ಹಾಗೆ, ಒಂದಕ್ಷರ ಬಿಡದೆ.”

ಬಿಳಿಗೂದಲ ಮುದುಕಿ ಬಾಗಿಲಿಗೆ ಬಂದು ನಿಂತಳು. ಗಿಲಕಿ ಹಾಳೆಯನ್ನು ಬೆಳಕಿಗೆ ಹಿಡಿದು, ಒಂದೊಂದೇ ಮಾತು ಬಿಡಿಸಿ ಓದತೊಡಗಿದಳು. ಓದಿ ಮುಗಿಸಿ ಹಾಳೆ ಇಳಿಸಿದಳು. ಕಂಡಕ್ಟರ್ ಅತ್ತೆಯ ಮುಖದಿಂದ ಕಣ್ಣು ಕೀಳದೆ ಹೇಳಿದಳು:

“ಇನ್ನೊಂದು ಸಲ ಓದಿ.”